ಅಟ್ಟದ ಮೇಲಿನ ಆಟದ ಇಟ್ಟಿಗೆ: ಬೆಲೆ ಕಟ್ಟುವುದು ಹೇಗೆ?

ವಸ್ತುವನ್ನು ಕೈಯಲ್ಲಿ ಹಿಡಿದು ಬೆಲೆ ಹೇಳುವ ವಿದ್ಯೆ ನಮ್ಮ ಸೀಮೆಯವರಿಗೆ ಹೊಸದೇನೂ ಅಲ್ಲ. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿ ಒಂದು ಹಿಡಿ ಕಾಯನ್ನು ಅಂಗೈಯಲ್ಲಿ ಹರಡಿಕೊಂಡು ಅದರ ಗಾತ್ರ, ಬಣ್ಣ, ಲೀಟರಿಗೆ ಬರುವ ತೂಕ ಇವಿಷ್ಟನ್ನೂ ಕಣ್ಣಂದಾಜಿನಲ್ಲೇ ಹೇಳಿಬಿಡುತ್ತಾನೆ. ದಿಂಡಿಗಲ್ಲಿನ ಬೀಗದ ಕುಶಲಕರ್ಮಿ ಬೀಲಿಯನ್ನು ಒಮ್ಮೆ ತಿರುಗಿಸಿ ಒಳಗಿನ ಸದ್ದು ಕೇಳಿದರೆ ಸಾಕು, ಅದು ಕೈಕೆಲಸದ್ದೋ ಅಚ್ಚಿನದೋ ಎಂದು ತಿಳಿಯುತ್ತದೆ. ಚಿನ್ನಾಳಪಟ್ಟಿಯ ಹಿರಿಯ ಹೆಂಗಸರಿಗೆ ಸೀರೆಯ ಸೆರಗನ್ನು ಮುಟ್ಟಿದರೆ ನೂಲಿನ ಗುಣ ಗೊತ್ತಾಗುತ್ತದೆ. ಆದರೆ ಇಂಥ ಪರಿಣತರ ಮನೆಯಲ್ಲಿಯೇ, ಅಟ್ಟದಿಂದ ಇಳಿಸಿದ ಒಂದು ತಗಡಿನ ಡಬ್ಬದ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು ಕಂಡಾಗ, ಅದಕ್ಕೆ ಏನು ಬೆಲೆ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಇಂಥ ಡಬ್ಬಗಳು ತೇನಿ, ಕಂಬಂ, ಉತ್ತಮಪಾಳಯಂ, ದಿಂಡಿಗಲ್ ಪ್ರದೇಶದ ಮನೆಗಳಿಗೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಭಾರತದಲ್ಲಿ ಅನೇಕ ಬಳಕೆಯ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳು ಪೂರ್ತಿ ತೆರವಾದದ್ದು ೨೦೦೧ರ ಏಪ್ರಿಲ್ ೧ರಂದು. ಅದಕ್ಕೆ ಮುಂಚೆ ವಿದೇಶದ ಆಟಿಕೆ ಎಂಬುದು ಬಹುಮಟ್ಟಿಗೆ ಸಿಂಗಪುರದಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ರಜೆಗೆ ಬಂದ ನೆಂಟರ ಪೆಟ್ಟಿಗೆಯೊಳಗಿನಿಂದ ಇಳಿಯಬೇಕಾದ ವಸ್ತುವಾಗಿತ್ತು. ಮಕ್ಕಳು ಆಡಿದರು, ಬೆಳೆದರು, ಓದಿಗೋ ನೌಕರಿಗೋ ಬೆಂಗಳೂರು, ಚೆನ್ನೈ ಸೇರಿದರು. ಡಬ್ಬ ಅಟ್ಟದಲ್ಲಿ ಉಳಿಯಿತು.

ಈಗ ಮನೆ ಕೆಡವಿ ಕಟ್ಟುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ ಅದು ಮತ್ತೆ ಕೆಳಗಿಳಿಯುತ್ತದೆ. ಆಗ ಕೇಳಿಬರುವ ಮಾತು ಎರಡೇ. ಹಳೆ ಸಾಮಾನಿನವನು ತಕ್ಕಡಿ ಎತ್ತಿ ಹಿಡಿದು ಪ್ಲಾಸ್ಟಿಕ್ಕಿಗೆ ಇರುವ ದರವನ್ನು ಹೇಳುತ್ತಾನೆ. ಕಾಲೇಜಿಗೆ ಹೋಗುವ ಹುಡುಗ ಫೋನಿನಲ್ಲಿ ಏನೋ ನೋಡಿ, ಇದಕ್ಕೆ ಲಕ್ಷ ರೂಪಾಯಿ ಬರುತ್ತದೆ ಎನ್ನುತ್ತಾನೆ. ಮೊದಲನೆಯವನ ಮಾತು ಕೇಳಿದವರು ಕಳೆದುಕೊಳ್ಳುತ್ತಾರೆ. ಎರಡನೆಯವನ ಮಾತು ನಂಬಿದವರು ವರ್ಷಗಟ್ಟಲೆ ಕಾದು ಬೇಸರಗೊಳ್ಳುತ್ತಾರೆ. ನಿಜವಾದ ಬೆಲೆ ಇವೆರಡರ ನಡುವೆ ಎಲ್ಲೋ ಇದೆ. ಅದನ್ನು ಕಂಡುಕೊಳ್ಳುವ ಕ್ರಮವನ್ನು ನಮ್ಮ ವಾಚಕ ಕುಟುಂಬಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಟ್ಟಿಗೆಯ ಪೂರ್ವಕಥೆ

ಬೆಲೆ ತಿಳಿಯಬೇಕಾದರೆ ಹುಟ್ಟು ತಿಳಿದಿರಬೇಕು. ಮಕ್ಕಳಿಗಾಗಿ ಇಟ್ಟಿಗೆ ಮಾಡಿ ಮಾರುವ ಕಲ್ಪನೆ ಪ್ಲಾಸ್ಟಿಕ್ಕಿಗಿಂತ ಬಹಳ ಹಳೆಯದು. ಜರ್ಮನಿಯಲ್ಲಿ ಆಟೋ ಮತ್ತು ಗುಸ್ಟಾವ್ ಲಿಲಿಯೆಂತಾಲ್ ಎಂಬ ಸಹೋದರರು ಬೆಣಚು ಮರಳು, ಸೀಮೆಸುಣ್ಣ, ಅಗಸೆ ಎಣ್ಣೆ ಬೆರೆಸಿ ಪುಟ್ಟ ಕಲ್ಲುಗಳನ್ನು ಅಚ್ಚುಹಾಕುವ ಕ್ರಮವನ್ನು ಕಂಡುಹಿಡಿದರು. ಇವರಲ್ಲಿ ಆಟೋ ಮುಂದೆ ರೆಕ್ಕೆ ಕಟ್ಟಿಕೊಂಡು ಹಾರಿ ವಿಮಾನಯಾನದ ಚರಿತ್ರೆಯಲ್ಲಿ ಹೆಸರು ಪಡೆದವನು. ಅವರಿಂದ ಆ ಕ್ರಮವನ್ನು ಕೊಂಡ ರಿಕ್ಟರ್ ಎಂಬ ಉದ್ಯಮಿ ೧೮೮೦ರ ದಶಕದಲ್ಲಿ ರುಡೋಲ್‌ಸ್ಟಾಟ್ ಪಟ್ಟಣದಲ್ಲಿ ‘ಆಂಕರ್’ ಕಲ್ಲುಗಳೆಂಬ ಹೆಸರಿನಿಂದ ಅವನ್ನು ಲೋಕಪ್ರಸಿದ್ಧಗೊಳಿಸಿದನು. ೧೯೬೩ರಲ್ಲಿ ನಿಂತುಹೋದ ಅವುಗಳ ತಯಾರಿಕೆ ೧೯೯೫ರಲ್ಲಿ ಮತ್ತೆ ಆರಂಭವಾಯಿತು.

ಇಂದು ನಾವು ಕಾಣುವ, ಒಂದರ ಮೇಲೊಂದು ಕಚ್ಚಿಕೊಳ್ಳುವ ಇಟ್ಟಿಗೆಯ ಮೂಲ ಇಂಗ್ಲೆಂಡಿನದು. ಹಿಲರಿ ಪೇಜ್ ಎಂಬವನು ಕಿಡಿಕ್ರಾಫ್ಟ್ ಎಂಬ ತನ್ನ ಸಂಸ್ಥೆಯಿಂದ ೧೯೪೭ರಲ್ಲಿ ಇಂಥ ಇಟ್ಟಿಗೆಗಳನ್ನು ಹೊರತಂದನು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ೧೯೩೨ರಿಂದ ಮರದ ಆಟಿಕೆ ಮಾಡುತ್ತಿದ್ದ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ ಅದೇ ಮಾದರಿಯನ್ನು ಅನುಸರಿಸಿ ೧೯೪೯ರಲ್ಲಿ ತನ್ನ ಇಟ್ಟಿಗೆಗಳನ್ನು ಮಾರುಕಟ್ಟೆಗೆ ತಂದನು. ಅವನ ಸಂಸ್ಥೆಗೆ ೧೯೩೪ರಲ್ಲಿ ಇಟ್ಟ ಹೆಸರು ‘ಲೆಗೋ’. ‘ಚೆನ್ನಾಗಿ ಆಡು’ ಎಂಬರ್ಥದ ಡ್ಯಾನಿಷ್ ಮಾತುಗಳಿಂದ ಆ ಹೆಸರು ಹುಟ್ಟಿತು. ಆದರೆ ಮೊದಲ ಇಟ್ಟಿಗೆಗಳ ಒಳಭಾಗ ಬರಿದಾಗಿದ್ದು, ಹಿಡಿತ ಸಡಿಲವಾಗಿತ್ತು. ಒಳಗೆ ಕೊಳವೆಗಳನ್ನಿಟ್ಟು ಮೇಲಿನ ಉಬ್ಬುಗಳು ಬಿಗಿಯಾಗಿ ಕೂರುವಂತೆ ಮಾಡಿದ ಸುಧಾರಣೆಗೆ ೧೯೫೮ರ ಜನವರಿ ೨೮ರಂದು ಹಕ್ಕುಪತ್ರದ ಅರ್ಜಿ ಸಲ್ಲಿಕೆಯಾಯಿತು. ಆ ವರ್ಷದ ಇಟ್ಟಿಗೆಗೂ ಇಂದಿನ ಇಟ್ಟಿಗೆಗೂ ಈಗಲೂ ಹೊಂದಾಣಿಕೆಯಿದೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಅಂತರದ ಎರಡು ತುಂಡುಗಳು ಒಂದಕ್ಕೊಂದು ಕೂರುತ್ತವೆಂಬುದೇ ಹಳೆಯ ಡಬ್ಬಕ್ಕೆ ಬೆಲೆ ಉಳಿದಿರುವುದರ ಮೂಲ ಕಾರಣ.

ಒಂದು ಉಬ್ಬಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ ೮ ಮಿಲಿಮೀಟರ್. ಏಲಕ್ಕಿಯ ಜರಡಿ ಹಿಡಿದ ಬೋಡಿಯವರಿಗೆ ಈ ಅಳತೆಯನ್ನು ನೆನಪಿಟ್ಟುಕೊಳ್ಳುವುದು ಕಷ್ಟವಾಗಲಾರದು.

ಮೊದಲ ಪರೀಕ್ಷೆ: ಮಾಡಿದವರು ಯಾರು?

ಡಬ್ಬವನ್ನು ಒಂದು ಬಿಳಿಯ ಪಂಚೆಯ ಮೇಲೆ ಸುರಿದು, ಬೆಳಕಿಗೆ ಕುಳಿತು ಬೇರ್ಪಡಿಸಬೇಕು. ಲೆಗೋ ಇಟ್ಟಿಗೆಯಾದರೆ ಪ್ರತಿಯೊಂದು ಉಬ್ಬಿನ ನೆತ್ತಿಯ ಮೇಲೂ ಆ ಹೆಸರು ಅಚ್ಚಾಗಿರುತ್ತದೆ. ಮಸೂರದ ಅಗತ್ಯವಿಲ್ಲ, ಓರೆಯಾಗಿ ಹಿಡಿದರೆ ಅಕ್ಷರಗಳು ಕಾಣುತ್ತವೆ. ಹೆಸರಿಲ್ಲದವನ್ನೂ ಬೇರೆ ಹೆಸರಿನವನ್ನೂ ಪ್ರತ್ಯೇಕವಾಗಿಡಬೇಕು. ಎರಡನ್ನೂ ಬೆರೆಸಿ ಮಾರಿದರೆ ಕೊಳ್ಳುವವನು ಇಡೀ ಡಬ್ಬಕ್ಕೆ ಕೆಳಗಿನ ದರವನ್ನೇ ಕಟ್ಟುತ್ತಾನೆ. ಒಳ್ಳೆಯ ಏಲಕ್ಕಿಯ ಮೂಟೆಯಲ್ಲಿ ಒಡಕು ಕಾಯಿ ಬೆರೆತರೆ ಆಗುವಂತೆಯೇ ಇದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಕ್ಕುಪತ್ರಗಳ ಅವಧಿ ಮುಗಿದ ಮೇಲೆ ಬೇರೆ ಸಂಸ್ಥೆಗಳು ಅದೇ ಅಳತೆಯ ಇಟ್ಟಿಗೆ ಮಾಡುವುದು ನ್ಯಾಯಸಮ್ಮತವಾಯಿತು. ಕೆನಡಾದ ಸರ್ವೋಚ್ಚ ನ್ಯಾಯಾಲಯ ೨೦೦೫ರಲ್ಲೂ, ಯೂರೋಪಿನ ನ್ಯಾಯಾಲಯ ೨೦೧೦ರಲ್ಲೂ ಇಟ್ಟಿಗೆಯ ಆಕಾರವನ್ನು ಒಬ್ಬರ ವ್ಯಾಪಾರ ಚಿಹ್ನೆಯೆಂದು ಒಪ್ಪಲಿಲ್ಲ. ತಮ್ಮ ಹೆಸರನ್ನೇ ಹಾಕಿಕೊಂಡು ಮಾರುವ ಇಂಥ ಇಟ್ಟಿಗೆಗಳಿಗೆ ಬೆಲೆ ಕಡಿಮೆಯಾದರೂ ಕಳಂಕವಿಲ್ಲ. ಪೆಟ್ಟಿಗೆಯ ಚಿತ್ರವನ್ನೂ ಮಾದರಿಯನ್ನೂ ಕದ್ದು ಮಾಡಿದ ನಕಲುಗಳು ಬೇರೆ ಜಾತಿಯವು. ಚೀನದ ‘ಲೆಪಿನ್’ ಎಂಬ ಹೆಸರಿನ ನಕಲುಗಳ ತಯಾರಕರನ್ನು ೨೦೧೯ರಲ್ಲಿ ಶಾಂಘೈ ಪೊಲೀಸರು ಬಂಧಿಸಿದರು. ೨೦೨೦ರಲ್ಲಿ ಅಲ್ಲಿನ ನ್ಯಾಯಾಲಯ ಮುಖ್ಯ ಆರೋಪಿಗೆ ಆರು ವರ್ಷಗಳ ಸೆರೆವಾಸ ವಿಧಿಸಿತು. ಅಂಥ ನಕಲನ್ನು ಅಸಲೆಂದು ಮಾರುವುದು ಮೋಸ. ತಿಳಿಯದೆ ಮಾರಿದರೂ ಹೆಸರು ಕೆಡುವುದು ಮನೆತನದ್ದೇ.

ಎರಡನೆಯ ಪರೀಕ್ಷೆ: ಯಾವ ಕಾಲದ್ದು?

ಹಳೆಯದೆಂದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಆದರೂ ಕಾಲ ತಿಳಿಯದೆ ಬೆಲೆ ಕಟ್ಟುವಂತಿಲ್ಲ. ಕೆಲವು ಗುರುತುಗಳನ್ನು ಇಲ್ಲಿ ಕೊಡುತ್ತೇವೆ.

೧೯೬೩ರವರೆಗೆ ಈ ಇಟ್ಟಿಗೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಿದ್ದರು. ಅದು ವರ್ಷಗಳು ಕಳೆದಂತೆ ಬಾಗುತ್ತದೆ. ಸಮತಟ್ಟಾದ ಗಾಜಿನ ಮೇಲಿಟ್ಟಾಗ ಇಟ್ಟಿಗೆ ತೂಗಾಡಿದರೆ ಅದು ಆ ಕಾಲದ್ದಾಗಿರಬಹುದು. ಅನಂತರ ಬಂದದ್ದು ಎ.ಬಿ.ಎಸ್. ಎಂಬ ಗಟ್ಟಿಯಾದ ಪ್ಲಾಸ್ಟಿಕ್. ಕೈಕಾಲು ಆಡಿಸಬಲ್ಲ ಪುಟ್ಟ ಗೊಂಬೆಗಳು ಬಂದದ್ದು ೧೯೭೮ರಲ್ಲಿ. ಅವುಗಳ ಮುಖದಲ್ಲಿ ಎರಡು ಚುಕ್ಕೆಯ ಕಣ್ಣು, ಒಂದು ಮುಗುಳ್ನಗೆ ಮಾತ್ರ ಇದ್ದರೆ ಮೊದಲ ಕಾಲದ ಮಾದರಿ; ಗಡ್ಡ, ಮೀಸೆ, ಕಣ್ಣುಪಟ್ಟಿ ಮುಂತಾದವು ಬಂದದ್ದು ೧೯೮೯ರ ಕಡಲ್ಗಳ್ಳರ ಸರಣಿಯಿಂದ. ಬೂದುಬಣ್ಣದ ತುಂಡುಗಳೂ ಕಾಲವನ್ನು ಹೇಳುತ್ತವೆ: ಸುಮಾರು ೨೦೦೪ರಲ್ಲಿ ಆ ಬಣ್ಣವನ್ನು ಬದಲಿಸಿ, ಸ್ವಲ್ಪ ನೀಲಿ ಛಾಯೆಯ ಬೂದುಬಣ್ಣವನ್ನು ತಂದರು. ಒಂದೇ ಮಾದರಿಯಲ್ಲಿ ಎರಡು ಬಗೆಯ ಬೂದು ಬೆರೆತಿದ್ದರೆ, ಕಳೆದುಹೋದ ತುಂಡುಗಳನ್ನು ಯಾರೋ ಆಮೇಲೆ ತುಂಬಿದ್ದಾರೆಂದು ಶಂಕಿಸಬೇಕು.

ತುಂಡುಗಳ ಮೇಲೆ ಅಚ್ಚಾದ ವರ್ಷವನ್ನು ಕಣ್ಣುಮುಚ್ಚಿ ನಂಬುವುದು ಸಲ್ಲ. ಅದು ಮಾದರಿಯ ಹಕ್ಕಿನ ವರ್ಷವೇ ಹೊರತು ಆ ತುಂಡು ತಯಾರಾದ ವರ್ಷವಲ್ಲ.

ಮೂರನೆಯ ಪರೀಕ್ಷೆ: ಪೂರ್ಣವೋ, ಅಪೂರ್ಣವೋ?

ಹಳೆಯ ಇಟ್ಟಿಗೆಗಳ ಬೆಲೆಯಲ್ಲಿ ಅತಿ ದೊಡ್ಡ ಪಾಲು ಈ ಪ್ರಶ್ನೆಗೆ ಸೇರಿದ್ದು. ದಿಂಡಿಗಲ್ಲಿನ ಬೀಗಕ್ಕೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆದರೆ ಎಂಥ ಬೀಗವಾದರೂ ಅದರ ಬೀಲಿ ಕಳೆದುಹೋದರೆ ಕಬ್ಬಿಣದ ತೂಕಕ್ಕೆ ಇಳಿಯುತ್ತದೆ. ಇಟ್ಟಿಗೆಯ ಸೆಟ್ಟಿಗೆ ಬೀಲಿಯ ಸ್ಥಾನದಲ್ಲಿರುವುದು ಜೋಡಣೆಯ ಪುಸ್ತಿಕೆ. ಅದರ ಮುಖಪುಟದಲ್ಲಿ ಮೂರರಿಂದ ಐದು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಸಿಕ್ಕಿತೆಂದರೆ ಸೆಟ್ಟಿನಲ್ಲಿ ಎಷ್ಟು ತುಂಡುಗಳಿರಬೇಕು, ಯಾವ ಬಣ್ಣದವು, ಯಾವ ಗೊಂಬೆಗಳು ಎಂಬುದೆಲ್ಲ ತಿಳಿಯುತ್ತದೆ. ಪುಸ್ತಿಕೆ ಕಳೆದಿದ್ದರೂ ಧೈರ್ಯಗೆಡಬೇಕಿಲ್ಲ. ಸುಮಾರು ೧೯೯೬ರ ಈಚಿನ ಬಹಳಷ್ಟು ಪುಸ್ತಿಕೆಗಳನ್ನು ತಯಾರಕರೇ ಅಂತರಜಾಲದಲ್ಲಿ ಉಚಿತವಾಗಿ ನೀಡಿದ್ದಾರೆ. ಆದರೆ ಮೂಲ ಪುಸ್ತಿಕೆಯೇ ಇದ್ದರೆ ಅದಕ್ಕೆ ಪ್ರತ್ಯೇಕ ಬೆಲೆಯುಂಟು. ರಟ್ಟಿನ ಪೆಟ್ಟಿಗೆಯೂ ಉಳಿದಿದ್ದರೆ ಇನ್ನೂ ಹೆಚ್ಚು.

ಗೊಂಬೆಗಳ ವಿಷಯವೇ ಬೇರೆ. ಒಂದು ಹಿಡಿಯಷ್ಟು ಗೊಂಬೆಗಳು ಎರಡು ಕಿಲೋ ಇಟ್ಟಿಗೆಗಳಿಗಿಂತ ಹೆಚ್ಚು ಬೆಲೆ ಬಾಳುವುದುಂಟು. ೨೦೧೩ರಲ್ಲಿ ‘ಮಿಸ್ಟರ್ ಗೋಲ್ಡ್’ ಎಂಬ ಹೊಂಬಣ್ಣದ ಗೊಂಬೆಯನ್ನು ಲೋಕಕ್ಕೆಲ್ಲ ೫,೦೦೦ ಮಾತ್ರ ಮಾಡಿದರು. ಸಂಗ್ರಾಹಕರು ಅದಕ್ಕಾಗಿ ಮುಗಿಬಿದ್ದರು. ಅಂಥದು ನಮ್ಮ ಅಟ್ಟಗಳಲ್ಲಿ ದೊರೆಯುವುದು ದುರ್ಲಭ. ಆದರೂ ಗೊಂಬೆಯ ಟೊಪ್ಪಿಗೆ, ಕತ್ತಿ, ಗುರಾಣಿ, ಬಟ್ಟೆಯ ಹೊದಿಕೆ ಇವನ್ನು ಕಸವೆಂದು ಗುಡಿಸಬಾರದು. ಬೇಳೆಯಷ್ಟು ಸಣ್ಣ ತುಂಡು ಇಲ್ಲದೆ ಗೊಂಬೆ ಅಪೂರ್ಣವಾಗುತ್ತದೆ. ಗೊಂಬೆಯಿಲ್ಲದೆ ಸೆಟ್ಟು ಅಪೂರ್ಣವಾಗುತ್ತದೆ.

ನಾಲ್ಕನೆಯ ಪರೀಕ್ಷೆ: ಬಿಸಿಲು, ತೇವ, ಹುಳು

ನಮ್ಮ ಕಣಿವೆಯ ಹವೆ ಈ ವಸ್ತುಗಳಿಗೆ ದಯೆ ತೋರುವಂಥದಲ್ಲ. ಹೆಂಚಿನ ಮಾಡಿನ ಕೆಳಗಣ ಅಟ್ಟದಲ್ಲಿ ಬೇಸಗೆಯ ಕಾವು, ಮಲೆಯ ಕಡೆಯ ಮನೆಗಳಲ್ಲಿ ಮಳೆಗಾಲದ ತೇವ. ಕಾವಿಗೂ ಬಿಸಿಲಿಗೂ ಬಿಳಿಯ ಇಟ್ಟಿಗೆ ಹಳದಿಯಾಗುತ್ತದೆ, ನೀಲಿಯದು ಮಾಸುತ್ತದೆ. ತೇವದಿಂದ ಪುಸ್ತಿಕೆಗೆ ಬೂಷ್ಟು ಹಿಡಿಯುತ್ತದೆ, ಕಾಗದದ ಹುಳು ಅಂಚುಗಳನ್ನು ತಿನ್ನುತ್ತದೆ. ಮಕ್ಕಳ ಹಲ್ಲಿನ ಗುರುತು, ಬಿರುಕು, ಗೀರು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ೨೦೦೦ದ ಈಚಿನ ಕೆಲವು ವರ್ಷಗಳ ಕಂದುಬಣ್ಣದ, ಗಾಢ ಕೆಂಪಿನ ತುಂಡುಗಳು ಮುಟ್ಟಿದರೆ ಮುರಿಯುವಷ್ಟು ಪೆಡಸಾಗಿರುವುದು ಸಂಗ್ರಾಹಕರೆಲ್ಲರಿಗೂ ತಿಳಿದ ಸಂಗತಿ. ಅವನ್ನು ಬಲವಾಗಿ ಎಳೆದು ಬಿಡಿಸಬಾರದು.

ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಿನ ಪುಡಿ ಸಾಕು. ನೀರು ೪೦ ಡಿಗ್ರಿಗಿಂತ ಬಿಸಿಯಿರಬಾರದು. ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಒಣಗಿಸಬೇಕು. ಮೆಣಸಿನಕಾಯಿಯಂತೆ ಮಾಳಿಗೆಯ ಬಿಸಿಲಿಗೆ ಹಾಕಿದರೆ ಅಳಿದುಳಿದ ಬೆಲೆಯೂ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಬಿಳುಪು ಮಾಡುವ ಪದ್ಧತಿಯೊಂದಿದೆ. ಆದರೆ ಹಳದಿ ಕೆಲಕಾಲದ ಮೇಲೆ ಮರಳಿ ಬರಬಹುದಾದುದರಿಂದ, ಹಾಗೆ ಮಾಡಿದ್ದರೆ ಕೊಳ್ಳುವವನಿಗೆ ಹೇಳಿಬಿಡುವುದೇ ಮರ್ಯಾದೆ.

ಲೆಕ್ಕ ಹಾಕುವ ಕ್ರಮ

ಇಷ್ಟಾದ ಮೇಲೆ ಲೆಕ್ಕ. ಇದಕ್ಕೆ ಮೊದಲ ಸೂತ್ರ: ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಒಬ್ಬನು ತನ್ನ ಸೆಟ್ಟಿಗೆ ಲಕ್ಷ ರೂಪಾಯಿ ಎಂದು ಬರೆದುಕೊಂಡಿದ್ದಾನೆಂದರೆ ಅದು ಅವನ ಆಸೆಯನ್ನು ಮಾತ್ರ ತಿಳಿಸುತ್ತದೆ. ಏಲಕ್ಕಿ ಹರಾಜಿನಲ್ಲಿ ಬೆಳೆಗಾರ ಬಯಸಿದ ದರವನ್ನು ಯಾರೂ ಪತ್ರಿಕೆಯಲ್ಲಿ ಪ್ರಕಟಿಸುವುದಿಲ್ಲ. ಕೂಗು ನಿಂತ ದರವನ್ನೇ ಪ್ರಕಟಿಸುತ್ತಾರೆ. ಇಟ್ಟಿಗೆಗಳಿಗೂ ಅಂಥ ದಾಖಲೆಯಿದೆ. ೨೦೦೦ದಲ್ಲಿ ಆರಂಭವಾಗಿ, ೨೦೧೯ರಲ್ಲಿ ಲೆಗೋ ಸಂಸ್ಥೆಯೇ ಕೊಂಡುಕೊಂಡ ‘ಬ್ರಿಕ್‌ಲಿಂಕ್’ ಎಂಬ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹಿಂದಿನ ಆರು ತಿಂಗಳಲ್ಲಿ ಒಂದೊಂದು ಸೆಟ್ಟೂ ಒಂದೊಂದು ತುಂಡೂ ನಿಜವಾಗಿ ಮಾರಿದ ಸರಾಸರಿಯನ್ನು ನೋಡಬಹುದು. ಮನೆಯ ಯುವಕರಿಗೆ ಈ ಕೆಲಸವನ್ನು ಒಪ್ಪಿಸಬೇಕು.

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು. ಐನೂರು ತುಂಡುಗಳ ಒಂದು ಸೆಟ್ಟು ಪೂರ್ಣವಾಗಿದ್ದಾಗ ೬,೦೦೦ ರೂಪಾಯಿಗೆ ಹೋಗುತ್ತದೆ ಎನ್ನಿ. ನಮ್ಮ ಡಬ್ಬದಲ್ಲಿ ಇಪ್ಪತ್ತು ತುಂಡು ಕಡಿಮೆ. ತುಂಡಿಗೆ ೨೫ರಂತೆ ೫೦೦ ರೂಪಾಯಿ. ಅವನ್ನು ತರಿಸುವ ಅಂಚೆ ವೆಚ್ಚ ೩೦೦. ಎರಡು ಗೊಂಬೆ ಇಲ್ಲ. ಒಂದಕ್ಕೆ ೬೦೦ರಂತೆ ೧,೨೦೦. ಈ ೨,೦೦೦ವನ್ನು ಕಳೆದರೆ ಉಳಿಯುವುದು ೪,೦೦೦. ಆಡುವವನಿಗೋ ಸಂಗ್ರಾಹಕನಿಗೋ ನೇರವಾಗಿ ಮಾರಿದರೆ ಹತ್ತಿರ ಹತ್ತಿರ ಅಷ್ಟು ಬರಬಹುದು. ಕೊಂಡು ಮಾರುವ ವ್ಯಾಪಾರಿಯಾದರೆ ತನ್ನ ಶ್ರಮ, ಕಾಯುವ ಕಾಲ, ಲಾಭ ಎಲ್ಲವನ್ನೂ ಎಣಿಸಿ ಅದರ ಅರ್ಧವನ್ನೇ ಹೇಳಬಹುದು. ಅದು ಅನ್ಯಾಯವಲ್ಲ, ನಮ್ಮ ಬೇಸರವನ್ನು ಅವನು ಹೊರುವುದಕ್ಕೆ ಕೊಡುವ ಕೂಲಿ.

ಯಾವ ಸೆಟ್ಟಿಗೂ ಸೇರದ ಬಿಡಿ ಇಟ್ಟಿಗೆಗಳನ್ನು ತೂಕದ ಮೇಲೆ ಮಾರುವುದೇ ರೂಢಿ. ಎಂಟು ಉಬ್ಬಿನ ಸಾಮಾನ್ಯ ಇಟ್ಟಿಗೆಯೊಂದರ ತೂಕ ಸುಮಾರು ೨.೩ ಗ್ರಾಂ, ಆ ಲೆಕ್ಕದಲ್ಲಿ ಕಿಲೋಗೆ ೪೩೦ರಷ್ಟು ಬರುತ್ತವೆ. ತೊಳೆದು, ಬೇರೆ ಹೆಸರಿನವನ್ನು ತೆಗೆದು ಶುದ್ಧಗೊಳಿಸಿದ ಕಿಲೋಗೂ, ಧೂಳು, ಪೆನ್ನಿನ ಮುಚ್ಚಳ, ಮುರಿದ ಬಸ್ಸಿನ ಚಕ್ರ ಬೆರೆತ ಕಿಲೋಗೂ ದರದಲ್ಲಿ ಬಹಳ ಅಂತರವಿರುತ್ತದೆ. ಒಂದು ಸಂಜೆಯ ಕೆಲಸಕ್ಕೆ ಇಷ್ಟು ಪ್ರತಿಫಲ ಬೇರೆ ಯಾವ ಹಳೆಯ ಸಾಮಾನಿನಲ್ಲೂ ದೊರೆಯದು.

ತಾಜಮಹಲು ಕಲಿಸುವ ಪಾಠ

ಹಳೆಯದನ್ನು ಹಿಡಿದಿಟ್ಟರೆ ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆ ಈಚೆಗೆ ಹಬ್ಬಿದೆ. ಇದಕ್ಕೆ ಆಧಾರವಿಲ್ಲವೆನ್ನಲಾಗದು. ಮಾಸ್ಕೋ ನಗರದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸಿನ ಸಂಶೋಧಕರು ೧೯೮೭ರಿಂದ ೨೦೧೫ರವರೆಗಿನ ೨,೩೨೨ ಸೆಟ್ಟುಗಳ ಬೆಲೆಯನ್ನು ಪರಿಶೀಲಿಸಿ, ವರ್ಷಕ್ಕೆ ಸರಾಸರಿ ಶೇಕಡಾ ೧೧ರಷ್ಟು ಏರಿಕೆ ಕಂಡರು. ಪತ್ರಿಕೆಗಳು ಈ ಅಂಕಿಯನ್ನು ಚಿನ್ನದೊಡನೆ ಹೋಲಿಸಿ ಬರೆದವು. ಆದರೆ ಅವರು ನೋಡಿದ್ದು ಸೀಲು ಒಡೆಯದ ಪೆಟ್ಟಿಗೆಗಳನ್ನು. ನಮ್ಮ ಅಟ್ಟದಲ್ಲಿರುವುದು ಮಕ್ಕಳು ಆಡಿ ಬಿಟ್ಟ ಡಬ್ಬ. ಅಲ್ಲದೆ ಸರಾಸರಿ ಎಂಬುದರೊಳಗೆ ಬೆಲೆ ಅರ್ಧಕ್ಕಿಳಿದ ಸೆಟ್ಟುಗಳೂ ಸೇರಿವೆ.

ನಮ್ಮ ದೇಶದ ಹೆಸರೇ ಇರುವ ಒಂದು ದೃಷ್ಟಾಂತವನ್ನು ನೋಡಬಹುದು. ೨೦೦೮ರಲ್ಲಿ ಲೆಗೋ ಸಂಸ್ಥೆ ೫,೯೨೨ ತುಂಡುಗಳ ತಾಜಮಹಲನ್ನು ಹೊರತಂದಿತು. ಅಂದಿಗೆ ಅದೇ ಅತಿ ಹೆಚ್ಚು ತುಂಡುಗಳ ಸೆಟ್ಟು. ಅಮೆರಿಕದಲ್ಲಿ ಅದರ ಬೆಲೆ ಸುಮಾರು ೩೦೦ ಡಾಲರ್. ತಯಾರಿಕೆ ನಿಂತ ಮೇಲೆ ಅದರ ಬೆಲೆ ಹಲವು ಪಟ್ಟು ಏರಿ ಸಾವಿರಾರು ಡಾಲರುಗಳನ್ನು ಮುಟ್ಟಿತು. ಹಲವರು ಅದನ್ನು ಒಡವೆಯಂತೆ ಕಾಪಾಡಿಟ್ಟರು. ೨೦೧೭ರಲ್ಲಿ ಸಂಸ್ಥೆ ಅದನ್ನೇ ಬೇರೆ ಸಂಖ್ಯೆ ಕೊಟ್ಟು, ಒಂದೇ ಒಂದು ತುಂಡು ಹೆಚ್ಚಿಸಿ, ಸುಮಾರು ೩೭೦ ಡಾಲರಿಗೆ ಮತ್ತೆ ಮಾರಾಟಕ್ಕಿಟ್ಟಿತು. ಹಳೆಯ ಪೆಟ್ಟಿಗೆಗಳ ಬೆಲೆ ಕುಸಿಯಿತು. ಅಪೂರ್ವತೆಯನ್ನು ನಂಬಿ ಹಣ ಹೂಡಿದವರು, ಆ ಅಪೂರ್ವತೆಯ ಒಡೆತನ ಬೇರೊಬ್ಬರ ಕೈಯಲ್ಲಿತ್ತೆಂಬುದನ್ನು ಮರೆತಿದ್ದರು. ಆದ್ದರಿಂದ ಮಗಳ ಮದುವೆಗೆಂದು ಇಟ್ಟ ಹಣವನ್ನು ಆಟಿಕೆಯಲ್ಲಿ ಹೂಡುವ ಮಾತು ಬೇಡ.

ಬೆಲೆಗಿಂತ ಮುಖ್ಯವಾದ ಒಂದು ಎಚ್ಚರಿಕೆ

ಮಾರುವ ಯೋಚನೆ ಬಿಟ್ಟು ಮೊಮ್ಮಗನಿಗೇ ಕೊಡೋಣವೆಂದು ಅನೇಕರು ಬಯಸುವರು. ಬಯಕೆ ಸಹಜ. ಆದರೆ ಒಂದು ವಿಷಯವನ್ನು ಹೇಳದೆ ಇರುವಂತಿಲ್ಲ. ೨೦೧೮ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಆಂಡ್ರ್ಯೂ ಟರ್ನರ್ ಮನೆಗಳಿಂದಲೂ ಶಿಶುವಿಹಾರಗಳಿಂದಲೂ ಹಳೆಯ ಸಾಮಾನಿನ ಅಂಗಡಿಗಳಿಂದಲೂ ಸಂಗ್ರಹಿಸಿದ ೨೦೦ ಹಳೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದರು. ಸೀಸ, ಕ್ಯಾಡ್ಮಿಯಂ ಮೊದಲಾದ ವಿಷಕರ ಧಾತುಗಳು ಹಲವುಗಳಲ್ಲಿ ಕಂಡುಬಂದವು. ಅದರಲ್ಲೂ ಹಳದಿ, ಕೆಂಪು, ಕಪ್ಪು ಬಣ್ಣದವುಗಳಲ್ಲಿ ಹೆಚ್ಚು. ೧೯೭೦, ೧೯೮೦ರ ದಶಕಗಳ ಇಟ್ಟಿಗೆಗಳೂ ಆ ಪಟ್ಟಿಯಲ್ಲಿದ್ದವು. ಅಂದಿನ ನಿಯಮಗಳು ಇಂದಿನಷ್ಟು ಬಿಗಿಯಾಗಿರಲಿಲ್ಲ. ಕೈಯಲ್ಲಿ ಹಿಡಿದು ಆಡುವ ದೊಡ್ಡ ಮಕ್ಕಳಿಗಿಂತ, ಸಿಕ್ಕಿದ್ದನ್ನು ಬಾಯಿಗಿಡುವ ಎಳೆಯ ಮಕ್ಕಳಿಗೆ ಇದರಿಂದ ಹೆಚ್ಚಿನ ಅಪಾಯ. ಅದೂ ಅಲ್ಲದೆ ಸಣ್ಣ ತುಂಡು ಗಂಟಲಲ್ಲಿ ಸಿಕ್ಕುವ ಭಯವಂತೂ ಇದ್ದೇ ಇದೆ. ಹಲ್ಲು ಬರುತ್ತಿರುವ ಕೂಸಿನ ಮುಂದೆ ಹಳೆಯ ಡಬ್ಬವನ್ನು ಸುರಿಯಬಾರದು.

ನಮ್ಮಲ್ಲಿ ೨೦೨೧ರ ಜನವರಿ ೧ರಿಂದ ಹೊಸ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಆಮದು ಸುಂಕವೂ ೨೦೨೦ರಲ್ಲಿ ಶೇಕಡಾ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿತು. ಹೊಸದು ದುಬಾರಿಯಾದಷ್ಟೂ ಹಳೆಯದಕ್ಕೆ ಕೇಳುವವರು ಹೆಚ್ಚುತ್ತಾರೆ. ಅಟ್ಟದ ಡಬ್ಬದ ಮೇಲೆ ಯಾವ ಪರೀಕ್ಷೆಯ ಗುರುತೂ ಇರುವುದಿಲ್ಲವಾದ್ದರಿಂದ, ಮಾರುವವರು ಅದರ ವಯಸ್ಸನ್ನು ತಿಳಿಸಿ ಮಾರುವುದು ಕರ್ತವ್ಯ.

ಚನ್ನಪಟ್ಟಣದ ಮರದ ತುಂಡುಗಳು

ಕೆಲವರ ಡಬ್ಬದ ತಳದಲ್ಲಿ ಪ್ಲಾಸ್ಟಿಕ್ಕಿನ ಜೊತೆಗೆ ಅರಗಿನ ಹೊಳಪಿನ ಮರದ ತುಂಡುಗಳೂ ಇರುವುದುಂಟು. ಮೈಸೂರಿಗೋ ಬೆಂಗಳೂರಿಗೋ ಹೋದ ಹಿರಿಯರು ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದು ಕೊಂಡು ತಂದವು. ತಮಿಳಿನಲ್ಲಿ ವೆಪ್ಪಾಲೆ ಎನ್ನುವ ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಆ ಕಾವಿಗೇ ಬಣ್ಣ ಕರಗಿ ಹತ್ತುವಂತೆ ಮಾಡಿ, ಗರಿಯಿಂದ ಉಜ್ಜಿ ಹೊಳಪು ಕೊಡುವ ಕಲೆ ಅದು. ೨೦೦೫-೦೬ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಇವುಗಳಿಗೆ ಸಂಖ್ಯೆಯಿಲ್ಲ, ಪುಸ್ತಿಕೆಯಿಲ್ಲ, ಆರು ತಿಂಗಳ ಸರಾಸರಿ ದರವಿಲ್ಲ. ಒಂದನ್ನು ಮಾಡಿದ ಕೈಯೇ ಇನ್ನೊಂದನ್ನು ಮಾಡಿದರೂ ಎರಡೂ ಒಂದೇ ಅಳತೆಯಲ್ಲಿರುವುದಿಲ್ಲ. ಮಾರಾಟದ ದೃಷ್ಟಿಯಿಂದ ಇವುಗಳಿಗೆ ಹೆಚ್ಚು ಬೆಲೆ ಬಾರದು. ಆದರೆ ಅರಗು ಸುಲಿಯದೆ, ಮರ ಸೀಳದೆ ಉಳಿದಿದ್ದರೆ, ತಾತ ಕನ್ನಡನಾಡಿನಿಂದ ತಂದದ್ದೆಂದು ಮನೆಮಾತಿನಲ್ಲಿ ಹೇಳಿ ತೋರಿಸಲು ಅವು ತಕ್ಕ ವಸ್ತುಗಳು. ಅವನ್ನು ಕಿಲೋ ಲೆಕ್ಕದ ರಾಶಿಗೆ ಸೇರಿಸಬಾರದೆಂದು ನಮ್ಮ ಕೋರಿಕೆ.

ಪಾಲಿನ ಮಾತು

ಕೊನೆಗೆ, ಈ ಲೇಖನಕ್ಕೆ ಪ್ರೇರಣೆಯಾದ ಒಂದು ಪ್ರಸಂಗವನ್ನು ಹೇಳಬೇಕು. ಕಣಿವೆಯ ಒಂದು ಮನೆಯಲ್ಲಿ ತಂದೆ ತೀರಿಹೋದ ಮೇಲೆ ಪಾತ್ರೆಪಗಡಗಳ ಹಂಚಿಕೆ ನಡೆದಿತ್ತು. ಹೊಲ, ಮನೆ, ಒಡವೆಗಳಲ್ಲಿ ಬಾರದ ಮನಸ್ತಾಪ ಒಂದು ಆಟಿಕೆ ಡಬ್ಬದಲ್ಲಿ ಬಂದಿತು. ತಂದೆ ಸಿಂಗಪುರದಲ್ಲಿದ್ದಾಗ ಕಳುಹಿಸಿದ ಇಟ್ಟಿಗೆಗಳು ಅವು. ಬೆಂಗಳೂರಿನಲ್ಲಿದ್ದ ತಮ್ಮ ತಾನೇ ಇಟ್ಟುಕೊಳ್ಳುವೆನೆಂದ. ಇಷ್ಟು ಆಸೆಪಡುವನಾದರೆ ಇದಕ್ಕೆ ಭಾರಿ ಬೆಲೆ ಇರಲೇಬೇಕೆಂದು ಊರಿನಲ್ಲಿದ್ದ ಅಣ್ಣನಿಗೆ ಅನುಮಾನ ಬಂದಿತು. ಎರಡು ದಿನ ಮಾತಿಲ್ಲ. ಆಗ ಅವರ ತಂಗಿ, “ಅಣ್ಣಾ, ಗುದ್ದಾಡೋದ್ಯಾಕೆ? ಸುರಿದು ಎಣಿಸಿ ಪಟ್ಟಿ ಬರೆಯೋಣ” ಎಂದಳಂತೆ.

ಮೂವರೂ ಕುಳಿತು ಎಣಿಸಿದರು. ಮೂರು ಸೆಟ್ಟುಗಳು ಬೆರೆತಿದ್ದವು. ಪುಸ್ತಿಕೆ ಉಳಿದಿದ್ದ ಒಂದು ಬಹುಮಟ್ಟಿಗೆ ಪೂರ್ಣವಾಗಿತ್ತು. ಉಳಿದೆರಡು ಬರಿಯ ಬಿಡಿ ಇಟ್ಟಿಗೆ. ಎಲ್ಲ ಸೇರಿ ಬರಬಹುದಾದ ಹಣ ಒಂದು ಒಳ್ಳೆಯ ಸೀರೆಯ ಬೆಲೆಯಷ್ಟು. ಅಣ್ಣನ ಅನುಮಾನ ಆ ಪಟ್ಟಿಯ ಮುಂದೆ ನಿಲ್ಲಲಿಲ್ಲ. ತಮ್ಮನಿಗೆ ಬೇಕಾಗಿದ್ದುದು ಅವನು ಚಿಕ್ಕವನಾಗಿದ್ದಾಗ ತಂದೆಯೊಡನೆ ಕಟ್ಟಿದ್ದ ಮನೆ ಮಾತ್ರ. ಆ ಸೆಟ್ಟು ಅವನಿಗೆ ಹೋಯಿತು. ಬಿಡಿ ಇಟ್ಟಿಗೆಗಳು ಅಣ್ಣನ ಮಕ್ಕಳಿಗೆ. ತಂಗಿ ಆರಿಸಿಕೊಂಡದ್ದು ತಂದೆಯ ಕೈಬರಹದಲ್ಲಿ ಮೂವರ ಹೆಸರೂ ಇದ್ದ ಡಬ್ಬದ ಮುಚ್ಚಳ.

ಬೆಲೆ ಗೊತ್ತಿಲ್ಲದ ವಸ್ತು ಮನೆಯೊಳಗೆ ಅನುಮಾನಕ್ಕೆ ಎಡೆಗೊಡುತ್ತದೆ. ನ್ಯಾಯವಾಗಿ ಬೆಲೆ ಕಟ್ಟಿದ ಮೇಲೆ ಅದನ್ನು ಮಾರಬಹುದು, ಹಂಚಬಹುದು, ಪ್ರೀತಿಯಿಂದ ಬಿಟ್ಟುಕೊಡಲೂಬಹುದು. ಒಂದೇ ಬಣ್ಣದ, ಎಂಟು ಉಬ್ಬಿನ ಆರೇ ಆರು ಇಟ್ಟಿಗೆಗಳನ್ನು ೯೧,೫೧,೦೩,೭೬೫ ಬಗೆಯಲ್ಲಿ ಜೋಡಿಸಬಹುದೆಂದು ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದ್ದಾರೆ. ಆರು ತುಂಡು ಉಳಿದಿದ್ದರೂ ಮಕ್ಕಳ ಆಟಕ್ಕೆ ಕೊರತೆಯಿಲ್ಲವೆಂದಾಯಿತು.

ವಾಚಕರು ಮಾಡಬೇಕಾದುದು ಇಷ್ಟು: ಅಟ್ಟದ ಡಬ್ಬವನ್ನು ತಕ್ಕಡಿಗೆ ಹಾಕುವ ಮೊದಲು ಒಂದು ಸಂಜೆ ಮನೆಮಂದಿಯೆಲ್ಲ ಸುತ್ತ ಕುಳಿತು ಬೇರ್ಪಡಿಸಿರಿ. ಹೆಸರು ನೋಡಿರಿ, ಪುಸ್ತಿಕೆ ಹುಡುಕಿರಿ, ಗೊಂಬೆಗಳನ್ನು ಪ್ರತ್ಯೇಕವಾಗಿ ಕಟ್ಟಿಡಿರಿ, ಮಾರಾಟವಾದ ದರವನ್ನು ಮಾತ್ರ ನಂಬಿರಿ, ಕೊರತೆಯನ್ನು ಮುಚ್ಚಿಡದೆ ಹೇಳಿರಿ. ಎಣಿಸುತ್ತ ಕುಳಿತಾಗ ಹಳೆಯ ಮಾತು ತಾನಾಗಿ ಹೊರಬರುತ್ತದೆ. ಅದನ್ನು ಮಕ್ಕಳು ಮನೆಮಾತಿನಲ್ಲೇ ಕೇಳಲಿ.